ಕವಳಿ ಕಂಟಿ ಉಳಿಯಬೇಕಾದರೆ

ಮೇ ಕೊನೆಯ ಹೊತ್ತಿಗೆ ಧಾರವಾಡ, ಹುಬ್ಬಳ್ಳಿಯ ಸಂತೆಗಳಲ್ಲಿ ಬುಟ್ಟಿ ತುಂಬ ಕಪ್ಪು ಕವಳಿ ಹಣ್ಣು ಬರುತ್ತವೆ. ಉರ್ದು ಮಾತಾಡುವ ಮನೆಗಳಲ್ಲಿ ಇದಕ್ಕೆ ‘ಕರೌಂದಾ’ ಎನ್ನುತ್ತಾರೆ. ಹಣ್ಣು ತಿನ್ನದವರು ನಮ್ಮಲ್ಲಿ ಕಡಿಮೆ. ಆದರೆ ಅದು ಬಿಡುವ ಕಂಟಿಯನ್ನು ಕಂಡವರು ಎಷ್ಟು ಜನ?

ಕವಳಿಯ ವೈಜ್ಞಾನಿಕ ಹೆಸರು ಕ್ಯಾರಿಸ್ಸಾ ಕರಾಂಡಾಸ್. ಇದು ಕಣಗಿಲೆಯ ಕುಟುಂಬಕ್ಕೆ ಸೇರಿದ್ದು. ಎಲೆ ಕಿತ್ತರೆ ಬಿಳಿ ಹಾಲು ಒಸರುತ್ತದೆ. ಜೋಡಿ ಮುಳ್ಳು, ಮಲ್ಲಿಗೆಯಂಥ ಬಿಳಿ ಹೂವು ಇದರ ಗುರುತು. ಗರಸು ನೆಲದಲ್ಲೂ ಯಾರೂ ನೀರು ಹಾಕದೆ ಬೆಳೆಯುತ್ತದೆ. ಮುಳ್ಳಿನ ಮರೆಯಲ್ಲಿ ಹಕ್ಕಿಗಳು ಗೂಡು ಕಟ್ಟುತ್ತವೆ. ಹಣ್ಣು ತಿಂದ ಪಿಕಳಾರ ಹಕ್ಕಿ ಬೀಜವನ್ನು ಬೇರೆಡೆಗೆ ಒಯ್ದು ಹಾಕುತ್ತದೆ.

ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಅಂಚಿನಲ್ಲಿದೆ ನಮ್ಮ ಧಾರವಾಡ. ಈ ಅಂಚಿನ ಕುರುಚಲು ಗುಡ್ಡಗಳೇ ಕವಳಿಯ ನೆಲೆ. ದೇಶದ ಮಟ್ಟದಲ್ಲಿ ಕವಳಿ ಅಳಿವಿನಂಚಿಗೆ ಬಂದಿಲ್ಲ. ಅವಳಿ ನಗರದ ಸುತ್ತ ಮಾತ್ರ ವಿರಳವಾಗುತ್ತಿದೆ. ಗುಡ್ಡ ಸಮ ಮಾಡಿ ಲೇಔಟ್ ಹಾಕಿದಾಗ, ಗರಸು ಅಗೆದಾಗ, ರಸ್ತೆ ಅಗಲವಾದಾಗ, ನೀಲಗಿರಿ, ಅಕೇಶಿಯಾ ನೆಟ್ಟಾಗ ಮೊದಲು ಹೋಗುವುದು ಇಂಥ ಕಂಟಿಗಳೇ.

ಮರ ಕಡಿದರೆ ಜನ ಕೇಳುತ್ತಾರೆ, ಕಂಟಿ ಕಿತ್ತರೆ ‘ಸ್ವಚ್ಛ ಮಾಡಿದರು’ ಎನ್ನುತ್ತಾರೆ. ಸರ್ಕಾರದ ಲೆಕ್ಕವೂ ಹಾಗೇ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಹೊರತಂದ ಬಂಜರು ಭೂಮಿ ಅಟ್ಲಾಸ್‌ನಲ್ಲಿ ಕುರುಚಲು ಗಿಡಗಳ ನೆಲವನ್ನೂ ಬಂಜರಿನ ಪಟ್ಟಿಗೇ ಸೇರಿಸಲಾಗಿದೆ. ಬಂಜರು ಎಂದು ಹೆಸರಾದ ಮೇಲೆ ಅದನ್ನು ಉಳಿಸಿ ಎನ್ನುವವರು ಯಾರು?

ನಾವು ಮಾಡಬಹುದಾದ ಕೆಲಸ ಎರಡು. ಮೊದಲನೆಯದು, ಗಿಡ ಬೆಳೆಸುವುದು. ಕವಳಿ ಬೀಜದ ಮೊಳೆಯುವ ಶಕ್ತಿ ಬೇಗ ಹೋಗುತ್ತದೆ. ಆದ್ದರಿಂದ ಹಣ್ಣು ತಿಂದ ಬೀಜವನ್ನು ತೊಳೆದು, ತಡಮಾಡದೆ ಮಣ್ಣು ತುಂಬಿದ ಚೀಲದಲ್ಲಿ ಹಾಕಬೇಕು. ಸಸಿ ಗಟ್ಟಿಯಾದ ಮೇಲೆ ಮಳೆಗಾಲದಲ್ಲಿ ಬೇಲಿಯ ಸಾಲಿಗೆ ನೆಡಬಹುದು.

ಆದರೆ ಕಾಂಪೌಂಡಿನ ನಾಲ್ಕು ಗಿಡ ಒಂದು ಗುಡ್ಡಕ್ಕೆ ಸಮವಲ್ಲ. ಹಾಗಾಗಿ ಎರಡನೆಯ ಕೆಲಸ ಇನ್ನೂ ಮುಖ್ಯ. 2002ರ ಜೀವವೈವಿಧ್ಯ ಕಾಯ್ದೆಯಂತೆ ಗ್ರಾಮ ಪಂಚಾಯಿತಿಯಿಂದ ಮಹಾನಗರ ಪಾಲಿಕೆವರೆಗೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಪ್ರಾಣಿ, ಅವುಗಳ ನೆಲೆಯನ್ನು ಜನರಿಂದ ಕೇಳಿ ದಾಖಲಿಸುವುದು ಅದರ ಕೆಲಸ. ಹಳ್ಳಿಗಳಿಂದ ಬರುವ ಗೆಳೆಯರೇ, ನಿಮ್ಮೂರಲ್ಲಿ ಕವಳಿ ಎಲ್ಲಿದೆ ಎಂದು ಅಜ್ಜ, ಅಜ್ಜಿ, ದನ ಕಾಯುವವರನ್ನು ಕೇಳಿ ಬರೆದುಕೊಳ್ಳಿ. ಆ ಪಟ್ಟಿಯನ್ನು ಪಂಚಾಯಿತಿಗೆ ಕೊಡಿ. ದಾಖಲೆಯಲ್ಲಿ ಹೆಸರಿರುವ ಗುಡ್ಡವನ್ನು ಬರೀ ಬಂಜರು ಎಂದು ತಳ್ಳಿಹಾಕುವುದು ಅಷ್ಟು ಸುಲಭವಲ್ಲ.

ಗಿಡ ನೆಟ್ಟರೆ ಅದರ ಹಣ್ಣನ್ನು ಹಕ್ಕಿ ತಿಂದರೂ ನೆಟ್ಟವರಿಗೆ ಅದು ಸದಕಾ ಎಂದು ಇಸ್ಲಾಂ ಕಲಿಸುತ್ತದೆ. ಪಿಕಳಾರಕ್ಕೆ ನಾವು ಇಷ್ಟಾದರೂ ಮಾಡೋಣ. ಈ ಜೂನ್‌ನಲ್ಲಿ ಕವಳಿ ತಿಂದರೆ ಬೀಜ ಉಗುಳಬೇಡಿ, ಕಾಗದದಲ್ಲಿ ಕಟ್ಟಿ ಕಾಲೇಜಿಗೆ ತನ್ನಿ.