ಗುಂಪಿನಲ್ಲಿ ಎಲ್ಲರೂ ಗೆಲ್ಲುವಾಗ

ಮಸ್ಕತ್‌ನ ರೂವಿಗೆ ಅಂಟಿಕೊಂಡಿರುವ ಹಮ್ರಿಯಾ ದುಡಿಯಲು ಬಂದವರ ಬಡಾವಣೆ. ಭಾರತ, ಬಾಂಗ್ಲಾದೇಶ, ಪಾಕಿಸ್ತಾನಗಳ ಕುಟುಂಬಗಳೂ ಒಂಟಿ ದುಡಿಮೆಗಾರರೂ ಇಲ್ಲಿ ಒತ್ತೊತ್ತಾಗಿ ಬದುಕುತ್ತಾರೆ. ಸಂಬಳದಲ್ಲಿ ಒಂದು ಪಾಲು ಬಾಡಿಗೆಗೆ, ಇನ್ನೊಂದು ಪಾಲು ಊರಿಗೆ. ಉಳಿದದ್ದರಲ್ಲಿ ತಿಂಗಳು ತೂಗಿಸುವ ಗೃಹಿಣಿಗೋ, ಶಿಫ್ಟ್ ಮುಗಿಸಿ ಕೋಣೆಗೆ ಮರಳಿದ ಹುಡುಗನಿಗೋ ‘ಮನೆಯಲ್ಲೇ ಕೂತು ದಿನಕ್ಕೆ ಹತ್ತು ರಿಯಾಲ್ ಗಳಿಸಿ’ ಎಂಬ ವಾಟ್ಸ್‌ಆ್ಯಪ್ ಸಂದೇಶ ಬಂದರೆ, ಅದನ್ನು ತೆರೆದು ನೋಡುವುದನ್ನು ದುರಾಸೆ ಎನ್ನಲು ನನಗೆ ಮನಸ್ಸು ಬಾರದು.

ಇಂಥ ಸಂದೇಶ ನಂಬಿ ಮೋಸಹೋದವರನ್ನು ದಡ್ಡರೆಂದು ತಳ್ಳಿಹಾಕುವುದು ಸುಲಭ. ಆದರೆ ಈ ವಂಚನೆಯ ಒಂದೊಂದು ಮೆಟ್ಟಿಲೂ ಮನಶ್ಶಾಸ್ತ್ರಜ್ಞರು ದಶಕಗಳ ಹಿಂದೆಯೇ ಪ್ರಯೋಗ ಮಾಡಿ ತೋರಿಸಿದ ಮನುಷ್ಯ ಸ್ವಭಾವದ ಮೇಲೆ ನಿಂತಿದೆ. ಓದಿದವರು, ಲೆಕ್ಕ ಬಲ್ಲವರು, ಎಲ್ಲರೂ ಅದೇ ಸ್ವಭಾವದವರು.

ಶುರುವಿನಲ್ಲಿ ಕೊಡುವ ಕೆಲಸ ತೀರಾ ಸಣ್ಣದು. ಒಂದು ವಿಡಿಯೊಗೆ ಲೈಕ್ ಒತ್ತಬೇಕು, ಯಾವುದೋ ಹೋಟೆಲ್‌ಗೆ ಐದು ನಕ್ಷತ್ರ ಕೊಡಬೇಕು. ಅದಕ್ಕೆ ಒಂದೆರಡು ರಿಯಾಲ್ ನಿಜವಾಗಿಯೂ ಖಾತೆಗೆ ಬೀಳುತ್ತದೆ. 1966ರಲ್ಲಿ ಫ್ರೀಡ್‌ಮನ್ ಮತ್ತು ಫ್ರೇಸರ್ ಎಂಬ ಸಂಶೋಧಕರು ಕ್ಯಾಲಿಫೋರ್ನಿಯಾದ ಮನೆಗಳ ಬಾಗಿಲು ತಟ್ಟಿಸಿ, ‘ಎಚ್ಚರಿಕೆಯಿಂದ ವಾಹನ ಚಲಾಯಿಸಿ’ ಎಂಬ ದೊಡ್ಡ, ಅಂದಗೇಡಿ ಫಲಕವನ್ನು ಅಂಗಳದಲ್ಲಿ ನೆಡಲು ಅನುಮತಿ ಕೇಳಿಸಿದರು. ನೇರವಾಗಿ ಕೇಳಿದಾಗ ಒಪ್ಪಿದವರು ಶೇ 17. ಅದೇ ವಿಷಯದ ಪುಟ್ಟ ಚೀಟಿಯೊಂದನ್ನು ಅಂಟಿಸಿಕೊಳ್ಳಲು ಮೊದಲೇ ಒಪ್ಪಿದ್ದವರಲ್ಲಿ ಶೇ 76. ಸಣ್ಣದಕ್ಕೆ ಹೂಂ ಅಂದವರು ದೊಡ್ಡದಕ್ಕೂ ಹೂಂ ಅನ್ನುವ ಸಾಧ್ಯತೆ ಅಷ್ಟು ಹೆಚ್ಚುತ್ತದೆ.

ಮುಂದಿನ ‘ಟಾಸ್ಕ್’ಗೆ ಮುಂಗಡ ಕಟ್ಟಬೇಕು. ಕಟ್ಟಿದರೆ ಪರದೆಯ ಮೇಲೆ ಲಾಭ ಏರುತ್ತದೆ, ತೆಗೆಯಲು ಹೋದರೆ ಮಾತ್ರ ‘ಇನ್ನೊಂದೇ ಟಾಸ್ಕ್ ಬಾಕಿ’ ಎನ್ನುತ್ತದೆ. ಕಟ್ಟಿದ್ದು ವ್ಯರ್ಥವಾಗಬಾರದೆಂದು ಮತ್ತಷ್ಟು ಕಟ್ಟುವ ಈ ಪ್ರವೃತ್ತಿಯನ್ನು ಆರ್ಕ್ಸ್ ಮತ್ತು ಬ್ಲೂಮರ್ ಎಂಬ ಸಂಶೋಧಕರು 1985ರಲ್ಲಿ ದಾಖಲಿಸಿದ್ದಾರೆ. ಪರದೆಯ ಮೇಲಿನ ಆ ಲಾಭ ವಂಚಕ ತಾನೇ ಟೈಪ್ ಮಾಡಿದ ಅಂಕಿ. ಅದರ ಹಿಂದೆ ಒಂದು ಬೈಸಾ ಕೂಡ ಇರುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಕೆಲಸದ ಹೆಸರಿನಲ್ಲಿ ಸೇರಿಸುವ ಟೆಲಿಗ್ರಾಂ ಗುಂಪು. ಸೇರಿದ ಕೂಡಲೇ ಹತ್ತಾರು ಜನ ‘ನನಗೆ ಹಣ ಬಂತು’ ಎಂದು ಸ್ಕ್ರೀನ್‌ಶಾಟ್ ಹಾಕುತ್ತಿರುತ್ತಾರೆ. ಅವರಲ್ಲಿ ಬಹುತೇಕರು ವಂಚಕರ ಕಡೆಯವರೇ. 1950ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ ಇಂಥದೇ ಗುಂಪೊಂದನ್ನು ಕಟ್ಟಿದ್ದರು. ಮೂರು ಗೆರೆಗಳಲ್ಲಿ ಯಾವುದು ಇನ್ನೊಂದು ಗೆರೆಯಷ್ಟೇ ಉದ್ದ ಎಂದು ಹೇಳಬೇಕು; ಮಗುವಿಗೂ ಗೊತ್ತಾಗುವಷ್ಟು ಸುಲಭ. ಆದರೆ ಕೋಣೆಯಲ್ಲಿದ್ದ ಉಳಿದವರೆಲ್ಲ ಆಶ್ ಹೇಳಿಕೊಟ್ಟಂತೆ ಒಂದೇ ದನಿಯಲ್ಲಿ ತಪ್ಪು ಉತ್ತರ ಕೊಟ್ಟಾಗ, ಇದು ತಿಳಿಯದೆ ಪ್ರಯೋಗದಲ್ಲಿ ಪಾಲ್ಗೊಂಡವರ ಉತ್ತರಗಳಲ್ಲಿ ಸುಮಾರು ಶೇ 37 ತಪ್ಪಾದವು. ಒಂಟಿಯಾಗಿ ಉತ್ತರಿಸಿದಾಗ ತಪ್ಪು ಶೇ 1ಕ್ಕಿಂತಲೂ ಕಡಿಮೆಯಿತ್ತು. ಆಮೇಲೆ ಆಶ್ ಆ ಗುಂಪಿನಲ್ಲಿ ಸತ್ಯ ಹೇಳುವ ಒಬ್ಬರನ್ನು ಕೂರಿಸಿದರು. ತಪ್ಪುಗಳು ಕಾಲು ಭಾಗಕ್ಕೆ ಕುಸಿದವು. ಗುಂಪಿನ ಹಿಡಿತ ಸಡಿಲಿಸಲು ಆ ಒಬ್ಬರ ಬೇರೆ ದನಿ ಸಾಕಾಯಿತು.

ಆ ದನಿ ಕೇಳಿಸದಂತೆ ನೋಡಿಕೊಳ್ಳುವುದೇ ವಂಚಕರ ಮುಖ್ಯ ಕೆಲಸ. ‘ಯಾರಿಗೂ ಹೇಳಬೇಡಿ, ಖಾತೆ ಬಂದ್ ಆಗುತ್ತದೆ’ ಎನ್ನುತ್ತಾರೆ. ಹಮ್ರಿಯಾದಲ್ಲಿ ಇದಕ್ಕೆ ಮತ್ತೊಂದು ಭಯ ಸೇರುತ್ತದೆ. ಒಮಾನ್‌ನಲ್ಲಿ ಕುಟುಂಬ ವೀಸಾದಲ್ಲಿರುವವರು ಪರವಾನಗಿಯಿಲ್ಲದೆ ಉದ್ಯೋಗ ಮಾಡುವಂತಿಲ್ಲ. ಕೆಲಸದ ವೀಸಾದವರೂ ಅನುಮತಿಯಿಲ್ಲದೆ ಬೇರೆ ಕಡೆ ದುಡಿಯುವಂತಿಲ್ಲ. ಹಾಗಾಗಿ ಹಣ ಕಳೆದುಕೊಂಡವರು ‘ಹೇಳಿದರೆ ನನ್ನ ತಲೆಗೇ ಬಂದೀತು’ ಎಂದು ಬಾಯಿ ಮುಚ್ಚಿಕೊಳ್ಳುತ್ತಾರೆ, ಗಂಡನ ಹತ್ತಿರವೂ ಅಕ್ಕನ ಹತ್ತಿರವೂ ಆಡುವುದಿಲ್ಲ.

ಊರಿನಲ್ಲೂ ಇದೇ ಕಥೆ. 2023ರಲ್ಲಿ ಬೆಂಗಳೂರು ಪೊಲೀಸರು ಬಯಲಿಗೆಳೆದ ಜಾಲವೊಂದು ದಿನಕ್ಕೆ ಸಾವಿರದಿಂದ ಐದು ಸಾವಿರ ರೂಪಾಯಿ ಲಾಭದ ಆಸೆ ತೋರಿಸಿ, ಮೊದಲು ಸಣ್ಣ ಮೊತ್ತ ಕಟ್ಟಿಸಿಕೊಂಡು, 84 ಬ್ಯಾಂಕ್ ಖಾತೆಗಳ ಮೂಲಕ 854 ಕೋಟಿ ರೂಪಾಯಿ ಹರಿಸಿತ್ತು. ಪೊಲೀಸರಿಗೆ ತಡೆಹಿಡಿಯಲು ಆದದ್ದು ಸುಮಾರು 5 ಕೋಟಿ. ಅಮೆರಿಕದಲ್ಲೂ ಹೀಗೇ. ಅಲ್ಲಿ ಗ್ರಾಹಕರ ದೂರು ಪಡೆಯುವ ಫೆಡರಲ್ ಟ್ರೇಡ್ ಕಮಿಷನ್‌ಗೆ ಟಾಸ್ಕ್ ವಂಚನೆಯ ದೂರು 2020ರಲ್ಲಿ ಒಂದೂ ಇರಲಿಲ್ಲ. 2024ರ ಮೊದಲ ಆರು ತಿಂಗಳಲ್ಲೇ ಸುಮಾರು 20,000 ಬಂದವು.

ಬೆಂಗಳೂರಿನ ಜಾಲದ ಆ 84 ಖಾತೆಗಳೆಂದರೆ ಅಷ್ಟೂ ಯಾರದೋ ಹೆಸರಿನವು. ‘ನಿಮ್ಮ ಖಾತೆಗೆ ಹಣ ಬರುತ್ತದೆ, ಕಮಿಷನ್ ಇಟ್ಟುಕೊಂಡು ಉಳಿದದ್ದು ಕಳಿಸಿ’ ಎಂಬ ಕೆಲಸ ಎಲ್ಲಕ್ಕಿಂತ ಅಪಾಯಕಾರಿ. ಅದು ಬೇರೊಬ್ಬರಿಂದ ಕದ್ದ ಹಣ. ಪೊಲೀಸರು ಮೊದಲು ಹುಡುಕಿ ಬರುವುದು ಖಾತೆಯ ಮೇಲಿರುವ ಹೆಸರನ್ನು. ನಿಮ್ಮ ಹೆಸರಿನ ಸಿಮ್ ಇನ್ನೊಬ್ಬರಿಗೆ ಕೊಟ್ಟರೂ ಅಷ್ಟೇ.

ಆದ್ದರಿಂದ ಮೊದಲ ರಿಯಾಲ್ ಕಟ್ಟುವ ಮುನ್ನ ಇಡೀ ಸಂಭಾಷಣೆಯನ್ನು ಆ ಗುಂಪಿನಲ್ಲಿಲ್ಲದ ಒಬ್ಬರಿಗೆ ತೋರಿಸಿ. ಕೆಲಸ ಕೊಡುವವರು ಕೆಲಸದವರಿಂದ ಹಣ ಕೇಳುವುದಿಲ್ಲ ಎಂಬುದು ಹೊರಗಿನವರಿಗೆ ಥಟ್ಟನೆ ಕಾಣುತ್ತದೆ. ಕಂಪನಿಯ ನೋಂದಣಿ ನಿಜವೇ ಎಂದು ಒಮಾನ್‌ನ ವಾಣಿಜ್ಯ ಸಚಿವಾಲಯದ ಜಾಲತಾಣದಲ್ಲಿ ನೋಡಬಹುದು. ಆದರೆ ನಿಜವಾದ ಕಂಪನಿಯ ಹೆಸರನ್ನೂ ವಂಚಕರು ಕದಿಯುತ್ತಾರೆ, ಅದಕ್ಕೇ ಕಂಪನಿಯ ಸ್ವಂತ ನಂಬರಿಗೆ ಫೋನ್ ಮಾಡಿ ಕೇಳಿ. ಹಣ ಹೋಗಿದ್ದರೆ ಆ ಗಳಿಗೆಯಲ್ಲೇ ಬ್ಯಾಂಕ್‌ಗೆ, ನಂತರ ರಾಯಲ್ ಒಮಾನ್ ಪೊಲೀಸ್‌ಗೆ ತಿಳಿಸಿ. ಭಾರತದ ಖಾತೆಯಿಂದ ಹೋಗಿದ್ದರೆ ಊರಿನಲ್ಲಿರುವವರಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ. ಹಣ ಇನ್ನೊಂದು ಖಾತೆಗೆ ಜಿಗಿಯುವ ಮೊದಲು ತಡೆಯಬೇಕಾದ್ದರಿಂದ ಇಲ್ಲಿ ನಿಮಿಷಗಳೂ ಲೆಕ್ಕಕ್ಕೆ ಬರುತ್ತವೆ. ಕೆಲವು ವಾರಗಳ ನಂತರ ‘ಕಳೆದುಹೋದ ಹಣ ವಾಪಸ್ ಕೊಡಿಸುತ್ತೇವೆ, ಸಣ್ಣ ಶುಲ್ಕ ಕಟ್ಟಿ’ ಎಂದು ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ. ಮೋಸಹೋದವರ ನಂಬರುಗಳ ಪಟ್ಟಿ ಈ ದಂಧೆಯಲ್ಲಿ ಕೈಯಿಂದ ಕೈಗೆ ಮಾರಾಟವಾಗುತ್ತದೆ.