ಎಂಬತ್ತರಲ್ಲಿ ಮೂತ್ರಕೋಶ ತೆಗೆಸಬಹುದೇ?

ಪ್ರಶ್ನೆ: ತಂದೆಗೆ 80 ವರ್ಷ. ಮೂತ್ರಕೋಶದ ಕ್ಯಾನ್ಸರ್ ಸ್ನಾಯುವಿಗೆ ಇಳಿದಿದೆ. ಈ ವಯಸ್ಸಿನಲ್ಲಿ ಮೂತ್ರಕೋಶವನ್ನೇ ತೆಗೆಸುವುದು ಸರಿಯೇ?

ಉತ್ತರ: ವಯಸ್ಸೊಂದನ್ನೇ ನೋಡಿ ಬೇಡ ಎನ್ನಬೇಡಿ. ಓಡಾಟ, ಊಟ, ಹೃದಯ, ಕಿಡ್ನಿ ಹೇಗಿವೆ ಎಂಬುದು ಅದಕ್ಕಿಂತ ಮುಖ್ಯ. ಆದರೆ ಇದು ದೊಡ್ಡ ಆಪರೇಷನ್. ಗಂಡಸರಲ್ಲಿ ಸಾಮಾನ್ಯವಾಗಿ ಪ್ರಾಸ್ಟೇಟ್ ಗ್ರಂಥಿಯನ್ನೂ ತೆಗೆಯುತ್ತಾರೆ. ಹೆಚ್ಚಾಗಿ ಸಣ್ಣಕರುಳಿನ ತುಂಡೊಂದರಿಂದ ಮೂತ್ರಕ್ಕೆ ದಾರಿ ಮಾಡಿ, ಹೊಟ್ಟೆಯ ಮೇಲೆ ಚೀಲ ಅಂಟಿಸುತ್ತಾರೆ. ಮೊದಲ 90 ದಿನಗಳಲ್ಲಿ ಅರ್ಧಕ್ಕಿಂತ ಹೆಚ್ಚು ರೋಗಿಗಳಿಗೆ ಸೋಂಕು, ಕರುಳಿನ ಚಲನೆ ನಿಲ್ಲುವುದು ಇತ್ಯಾದಿ ಏನಾದರೊಂದು ತೊಡಕು ಬರುತ್ತದೆ. 80 ದಾಟಿದವರಲ್ಲಿ ಸಾವಿನ ಅಪಾಯವೂ ಹೆಚ್ಚು. ಹಾಗಂತ ಸುಮ್ಮನಿದ್ದರೆ ರಕ್ತಸ್ರಾವ, ನೋವು, ಮೂತ್ರ ಕಟ್ಟುವ ಸಂಕಟ ಕಾದಿರುತ್ತವೆ. ಆಪರೇಷನ್ ತಡೆದುಕೊಳ್ಳಲಾಗದ ಕೆಲವರಿಗೆ ಗಡ್ಡೆಯನ್ನು ಒಳಗಿನಿಂದಲೇ ಕೆರೆದು ತೆಗೆದು, ವಿಕಿರಣ ಮತ್ತು ಕೀಮೋ ಕೊಡುವ ದಾರಿಯಿದೆ. ಇಂಥ ಶಸ್ತ್ರಚಿಕಿತ್ಸೆ ಹೆಚ್ಚು ನಡೆಯುವ ಆಸ್ಪತ್ರೆಯಲ್ಲೇ ವಿಚಾರಿಸಿ. ಅದಕ್ಕೂ ಮೊದಲು, ಚೀಲದೊಂದಿಗಿನ ಬದುಕು ಒಪ್ಪಿಗೆಯೇ ಎಂದು ತಂದೆಯವರನ್ನೇ ಕೇಳಿ.