ಕನ್ನಡ ಶಾಲೆಯ ಮಕ್ಕಳ ಲೆಕ್ಕ

ಹೊರನಾಡ ಕನ್ನಡಿಗರ ಬಾಳಿನಲ್ಲಿ ಶಾಲೆಗೆ ವಿಶೇಷವಾದ ಸ್ಥಾನವುಂಟು. ಮುಂಬಯಿಯಲ್ಲಿ ಮಹಾನಗರಪಾಲಿಕೆಯೇ ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು ಮತ್ತು ತೆಲುಗುಗಳ ಜೊತೆಗೆ ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಗಳನ್ನೂ ನಡೆಸುತ್ತ ಬಂದಿದೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರ ಪರಂಪರೆಯೂ ನಮ್ಮದೇ. ಇಂದು ಈ ಶಾಲೆಗಳ ವಿಷಯದಲ್ಲಿ ಕೇಳಿಬರುವ ಮಾತು ಒಂದೇ: ‘ಮಕ್ಕಳು ಕಡಮೆಯಾದರು.’ ಈ ಇಳಿಕೆಯಿಂದ ಮಗುವಿನ ಕಲಿಕೆಗೆ ಆಗುವುದೇನು ಎಂಬುದನ್ನು ಸ್ಥೂಲವಾಗಿ ಪರಿಶೀಲಿಸೋಣ.

ಇಳಿಕೆಗೆ ಕಾರಣಗಳು ಹಲವು. 1982ರ ಜನವರಿ 18ರಂದು ಆರಂಭವಾದ ಗಿರಣಿ ಮುಷ್ಕರದ ಅನಂತರ ಒಂದೊಂದಾಗಿ ಗಿರಣಿಗಳು ಮುಚ್ಚಿದವು. ಕಾರ್ಮಿಕ ಕುಟುಂಬಗಳು ದೂರದ ಉಪನಗರಗಳಿಗೋ ಊರಿಗೋ ಚದುರಿದವು. ಕುಟುಂಬಗಳೂ ಕಿರಿದಾದವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಮಹಾರಾಷ್ಟ್ರದಲ್ಲಿಯೂ ಕರ್ನಾಟಕದಲ್ಲಿಯೂ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು ಮಾತ್ರ. ಇವೆರಡರ ಮೇಲೆ ಇಂಗ್ಲಿಷ್ ಮಾಧ್ಯಮದ ಆಕರ್ಷಣೆ ಬೇರೆ.

‘ಮಕ್ಕಳು ಕಡಮೆಯಾದರೆ ಒಳ್ಳೆಯದೇ, ಗುರುಗಳ ಗಮನ ಹೆಚ್ಚು ದೊರೆಯುತ್ತದೆ’ ಎಂದು ಸಮಾಧಾನಪಡುವವರುಂಟು. ಇದು ನಿರಾಧಾರವಾದ ಮಾತಲ್ಲ. ಅಮೆರಿಕದ ಟೆನೆಸ್ಸೀ ರಾಜ್ಯದಲ್ಲಿ 1985ರಿಂದ ನಾಲ್ಕು ವರ್ಷ, 11 ಸಾವಿರಕ್ಕೂ ಮಿಕ್ಕಿದ ಎಳೆಯ ಮಕ್ಕಳ ಮೇಲೆ ಒಂದು ಪ್ರಯೋಗ ನಡೆಯಿತು. ಕೆಲವರನ್ನು 13ರಿಂದ 17 ಮಕ್ಕಳ ತರಗತಿಗಳಲ್ಲಿಯೂ ಉಳಿದವರನ್ನು 22ರಿಂದ 25 ಮಕ್ಕಳ ತರಗತಿಗಳಲ್ಲಿಯೂ ಕೂರಿಸಲಾಯಿತು. ಚಿಕ್ಕ ತರಗತಿಯ ಮಕ್ಕಳು ಓದಿನಲ್ಲಿಯೂ ಗಣಿತದಲ್ಲಿಯೂ ಮುಂದಾದರು. ಬಡ ಕುಟುಂಬಗಳ ಮಕ್ಕಳಿಗೆ ಪ್ರಯೋಜನ ಇನ್ನೂ ಹೆಚ್ಚಾಗಿತ್ತು.

ಆರೋಗ್ಯದ ದೃಷ್ಟಿಯಿಂದಲೂ ಇದು ಲಾಭಕರವೇ. ಗಾಳಿಯಾಡದ ಕೋಣೆಯಲ್ಲಿ ಮಕ್ಕಳು ಕಿಕ್ಕಿರಿದರೆ ನೆಗಡಿ, ಕೆಮ್ಮು, ದಡಾರಗಳು ಬೇಗ ಹರಡುತ್ತವೆ. ಕರಿಹಲಗೆಯನ್ನು ನೋಡಲು ಕಣ್ಣು ಕಿರಿದು ಮಾಡುವ ಮಗು, ಕರೆದರೂ ಓಗೊಡದ ಮಗು, ಊಟದ ಹೊತ್ತಿಗೆ ಸೊರಗಿ ಕೂಡುವ ಮಗು—ಇವರನ್ನು ಗುರುತಿಸಿ ವೈದ್ಯರಲ್ಲಿಗೆ ಕಳುಹಿಸಲು ಗುರುಗಳಿಗೆ ಬಿಡುವು ಬೇಕು.

ಆದರೆ ಟೆನೆಸ್ಸೀಯ ಪ್ರತಿಯೊಂದು ತರಗತಿಗೂ ತನ್ನದೇ ಶಿಕ್ಷಕರಿದ್ದರು ಎಂಬುದನ್ನು ಮರೆಯಬಾರದು. ನಮ್ಮಲ್ಲಿ ಶಿಕ್ಷಕರ ಸಂಖ್ಯೆಯನ್ನು ನಿರ್ಧರಿಸುವುದು ಶಾಲೆಯ ಒಟ್ಟು ಮಕ್ಕಳ ಸಂಖ್ಯೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಂತೆ, ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು; 61ರಿಂದ 90ರ ತನಕ ಮೂವರು; 91ರಿಂದ 120ರ ತನಕ ನಾಲ್ವರು; 121ರಿಂದ 200ರ ತನಕ ಐವರು.

ಈ ಅಂಕಿಗಳನ್ನು ತುಸು ಬಿಡಿಸಿ ನೋಡಬೇಕು. 40 ಮಕ್ಕಳಿರುವ ಶಾಲೆಯಲ್ಲಿ ತರಗತಿಗೆ ಸರಾಸರಿ ಎಂಟೇ ಮಕ್ಕಳು. ಆದರೆ ಐದು ತರಗತಿಗಳಿಗೆ ಇರುವವರು ಇಬ್ಬರೇ ಶಿಕ್ಷಕರು. ಒಂದನೆಯ ತರಗತಿಗೆ ಅಕ್ಷರ ತಿದ್ದಿಸುವ ಹೊತ್ತಿನಲ್ಲಿ ಮೂರನೆಯ ತರಗತಿ ಸುಮ್ಮನೆ ಕುಳಿತಿರಬೇಕಾಗುತ್ತದೆ. ಅದೇ 121 ಮಕ್ಕಳಾದರೆ ತರಗತಿಗೆ ಸುಮಾರು 24 ಮಂದಿ, ಪ್ರತಿಯೊಂದು ತರಗತಿಗೂ ಒಬ್ಬರು ಶಿಕ್ಷಕರು. ಆದ್ದರಿಂದ ದಾಖಲಾತಿ ಕುಗ್ಗಿ ಚಿಕ್ಕದಾದ ತರಗತಿಯನ್ನು ಕಂಡು ಹಿಗ್ಗುವಂತಿಲ್ಲ. ಅಲ್ಲಿ ಮಕ್ಕಳಿಗಿಂತ ಮೊದಲು ಶಿಕ್ಷಕರೇ ಸಾಲದಾಗುತ್ತಾರೆ. ಇದನ್ನು ಕಂಡ ತಂದೆತಾಯಿಗಳು ಮಗುವನ್ನು ಬೇರೆಡೆಗೆ ಒಯ್ಯುತ್ತಾರೆ. ಸಂಖ್ಯೆ ಮತ್ತಷ್ಟು ಇಳಿಯುತ್ತದೆ.

ಭಾಷಾ ಅಲ್ಪಸಂಖ್ಯಾತರ ಹಕ್ಕೂ ಸಂಖ್ಯೆಯನ್ನೇ ಅವಲಂಬಿಸಿದೆ. ಶಾಲೆಯಲ್ಲಿ ಒಟ್ಟು 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಮಾತೃಭಾಷೆಯಲ್ಲಿ ಕಲಿಸಲು ಶಿಕ್ಷಕರನ್ನು ಒದಗಿಸಬೇಕೆಂದು 1949ರ ಶಿಕ್ಷಣ ಮಂತ್ರಿಗಳ ಸಮ್ಮೇಳನವು ನಿರ್ಣಯಿಸಿತ್ತು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಸೌಕರ್ಯ ಕಲ್ಪಿಸಲು ಯತ್ನಿಸಬೇಕೆಂದು ಪ್ರತಿ ರಾಜ್ಯಕ್ಕೂ ವಿಧಿಸಿದೆ. ವಿಧಿ ಇದ್ದರೂ ಕೇಳುವ ಮಕ್ಕಳಿರಬೇಕಷ್ಟೆ.

ಹಾಗಾದರೆ ಸಂಘಗಳು ಮಾಡಬಹುದಾದುದೇನು? ತಮ್ಮ ವಠಾರಗಳಲ್ಲಿ ಐದು ವರ್ಷ ತುಂಬಿದ ಮಕ್ಕಳ ಪಟ್ಟಿಯನ್ನು ಶಾಲೆ ತೆರೆಯುವ ಮೊದಲೇ ತಯಾರಿಸಬಹುದು. ಮಹಾರಾಷ್ಟ್ರದಲ್ಲಿ 2000ದಿಂದಲೇ ಒಂದನೆಯ ತರಗತಿಯಿಂದ ಇಂಗ್ಲಿಷನ್ನು ವಿಷಯವಾಗಿ ಕಲಿಸುತ್ತಿದ್ದಾರೆಂಬುದನ್ನು ಪಾಲಕರಿಗೆ ತಿಳಿಸಿ ಅವರ ಅಂಜಿಕೆಯನ್ನು ಹೋಗಲಾಡಿಸಬಹುದು. ಸಮೀಪದ ಎರಡು ಮೂರು ಶಾಲೆಗಳು ನಲವತ್ತು ನಲವತ್ತು ಮಕ್ಕಳಿಂದ ಸೊರಗುತ್ತಿದ್ದರೆ, ಎಳೆಯರ ಪ್ರಯಾಣಕ್ಕೆ ಬಸ್ಸಿನ ಏರ್ಪಾಡು ಮಾಡಿ ಒಂದನ್ನಾದರೂ ತುಂಬಿದ ಶಾಲೆಯನ್ನಾಗಿ ಉಳಿಸಿಕೊಳ್ಳುವುದು ಜಾಣತನ. ಅಭಿಮಾನವು ಭಾಷಣದಲ್ಲಿ ಮುಗಿಯದೆ ಜೂನ್ ತಿಂಗಳಿನ ದಾಖಲಾತಿ ಪುಸ್ತಕದಲ್ಲಿ ಕಾಣಿಸಿಕೊಂಡರೆ, ನಮ್ಮ ಮಕ್ಕಳಿಗೆ ಶಾಲೆಯೂ ಉಳಿದೀತು, ಶಿಕ್ಷಕರೂ ಉಳಿದಾರು.